ಗ್ವಾದಲಿಯ ಕೂಸು, ರೊಟ್ಟಿಯ ಊರು

ತಿಕೋಟಾದ ಹಳೆಯ ಓಣಿಗಳಲ್ಲಿ ಇನ್ನೂ ಬೀಳದೆ ನಿಂತಿರುವ ಮಾಳಿಗೆ ಮನೆಗಳ ತಲಬಾಗಿಲು ಗಿಡ್ಡ. ಹೊಸಬರು ಒಮ್ಮೆಯಾದರೂ ಹಣೆ ಬಡಿಸಿಕೊಂಡೇ ಒಳಗೆ ಹೋಗುತ್ತಾರೆ. ಹೋದೊಡನೆ ಎದುರಾಗುವುದು ದನ ಕಟ್ಟುವ ಅಂಕಣ. ನೆಲ ಅಲ್ಲಿ ತಗ್ಗು. ಒಂದು ಕಡೆ ಎತ್ತು, ಒಂದು ಕಡೆ ಎಮ್ಮೆ, ಮೂಲೆಯಲ್ಲಿ ಆಡಿನ ಮರಿ. ಅಲ್ಲಿಂದ ಎರಡು ಮೆಟ್ಟಿಲು ಹತ್ತಿದರೆ ಪಡಸಾಲಿ. ಮನೆಮಂದಿ ಕೂಡುವುದು, ಉಣ್ಣುವುದು, ಮಲಗುವುದು ಅಲ್ಲೇ. ತಗ್ಗಿನ ನೆಲ ಮುಗಿದು ಪಡಸಾಲಿ ಶುರುವಾಗುವ ಅಂಚಿಗೆ ಕಲ್ಲು ಮಣ್ಣಿನಿಂದ ಕಟ್ಟಿದ, ಇಲ್ಲವೇ ಹಲಗೆ ಬಡಿದು ಮಾಡಿದ ಉದ್ದನೆಯ ತೊಟ್ಟಿ. ಅದರಲ್ಲಿ ಜೋಳದ ಕಣಿಕೆ, ಹೊಟ್ಟು. ಅದೇ ಗ್ವಾದಲಿ.

ಪುಸ್ತಕದ ಕನ್ನಡದಲ್ಲಿ ಅದು ಗೋದಲಿ. ಡಿಸೆಂಬರ್ ಬಂತೆಂದರೆ ವಿಜಯಪುರದ ಚರ್ಚುಗಳಲ್ಲಿ ಇದೇ ಪದ ದಿನಕ್ಕೆ ಹತ್ತು ಸಲ ಕೇಳುತ್ತದೆ. ಹುಡುಗರು ಗೋದಲಿ ಕಟ್ಟಲು ಹುಲ್ಲು ತರುತ್ತಾರೆ, ಗೋದಲಿಗೆ ದೀಪದ ಸರ ಹಾಕುತ್ತಾರೆ, ಯಾರ ಗೋದಲಿ ಚಂದ ಎಂದು ವಾದಿಸುತ್ತಾರೆ. ಆ ಹುಡುಗರಲ್ಲಿ ಹಲವರು ನಿಜವಾದ ಗ್ವಾದಲಿಯ ಮೇಲೆ ಕೂತು ಕಾಲು ಜೋತಾಡಿಸಿದವರಲ್ಲ. ಅವರ ಅಜ್ಜ ಅಜ್ಜಿಯರಿಗೆ ಆ ಪದದ ಜೊತೆಗೆ ಸಗಣಿಯ ವಾಸನೆಯೂ ನೆನಪಾಗುತ್ತದೆ.

ಯೇಸುವಿನ ಹುಟ್ಟಿನ ಕಥೆಯನ್ನು ಸುವಾರ್ತೆಗಾರ ಲೂಕನು ಬರೆದದ್ದು ಬಹಳ ಚುಟುಕಾಗಿ. ರೋಮಿನ ಚಕ್ರವರ್ತಿ ಔಗುಸ್ತನ ಆಜ್ಞೆಯಂತೆ ಜನಗಣತಿ. ಹೆಸರು ಬರೆಸಲು ಯೋಸೇಫ ಗರ್ಭಿಣಿ ಮರಿಯಳೊಂದಿಗೆ ನಜರೇತಿನಿಂದ ತನ್ನ ಮೂಲದ ಊರು ಬೇತ್ಲೆಹೇಮಿಗೆ ಬಂದ. ಅಲ್ಲಿರುವಾಗ ದಿನ ತುಂಬಿತು. ಹುಟ್ಟಿದ ಚೊಚ್ಚಲ ಗಂಡುಕೂಸನ್ನು ಬಟ್ಟೆಯಲ್ಲಿ ಸುತ್ತಿ ಗೋದಲಿಯಲ್ಲಿ ಮಲಗಿಸಿದರು. ಜಾಗ ಇರಲಿಲ್ಲವೆಂಬ ಒಂದು ಕಾರಣವನ್ನೂ ಲೂಕ ಸೇರಿಸುತ್ತಾನೆ. ಉಳಿದದ್ದನ್ನೆಲ್ಲ ನಾಟಕದವರು ಬೆಳೆಸಿದ್ದಾರೆ. ಕ್ರಿಸ್‌ಮಸ್ ನಾಟಕದಲ್ಲಿ ಬಾಗಿಲು ಬಡಿದವರಿಗೆ ಜಾಗವಿಲ್ಲ ಎಂದು ಗದರಿಸುವ ಛತ್ರದ ಯಜಮಾನನ ಪಾತ್ರಕ್ಕೆ ಹುಡುಗರಲ್ಲಿ ಪೈಪೋಟಿ. ಆದರೆ ನಾಲ್ಕೂ ಸುವಾರ್ತೆಗಳನ್ನು ಹುಡುಕಿದರೂ ಅಂಥ ಯಜಮಾನ ಸಿಗುವುದಿಲ್ಲ. ಎತ್ತು, ಕತ್ತೆಗಳೂ ಅಲ್ಲಿಲ್ಲ. ಅವು ಪ್ರವಾದಿ ಯೆಶಾಯನ ಗ್ರಂಥದ ಒಂದು ಮಾತಿನಿಂದ ಮುಂದೆ ಚಿತ್ರಗಳೊಳಗೆ ನಡೆದು ಬಂದವು. ಕೂಸನ್ನು ನೋಡಲು ಬಂದ ಜ್ಞಾನಿಗಳು ಮೂವರೆಂದು ಅವರ ಕಥೆ ಬರೆದ ಸುವಾರ್ತೆಗಾರ ಮತ್ತಾಯನೂ ಹೇಳಿಲ್ಲ. ಚಿನ್ನ, ಧೂಪ, ರಕ್ತಬೋಳ ಎಂಬ ಮೂರು ಕಾಣಿಕೆ ನೋಡಿ ಜನ ತಲೆ ಎಣಿಸಿದರು.

ಇನ್ನು ಛತ್ರ. ನಮ್ಮ ಹಳೆಯ ಕನ್ನಡ ಬೈಬಲಿನಲ್ಲಿ ಇರುವ ಪದವೇ ಅದು. ಲೂಕ ಬಳಸಿದ ಗ್ರೀಕ್ ಪದ ‘ಕತಾಲುಮ’. ಮುಂದೆ ಯೇಸು ಶಿಷ್ಯರೊಡನೆ ಕಡೆಯ ಊಟ ಮಾಡಿದ ಮನೆಯ ಕೋಣೆಗೂ ಲೂಕ ಇದೇ ಪದ ಬಳಸುತ್ತಾನೆ. ಆದರೆ ಯೇಸು ಹೇಳಿದ ಕಥೆಯಲ್ಲಿ ಗಾಯಗೊಂಡ ದಾರಿಹೋಕನನ್ನು ಸಮಾರ್ಯದವನು ಕರೆದೊಯ್ದ, ಹಣ ಕೊಟ್ಟು ತಂಗುವ ಛತ್ರಕ್ಕೆ ಬೇರೆಯೇ ಪದವಿದೆ, ‘ಪಂದೊಖೆಯೊನ್’. ಛತ್ರ ಎನ್ನಬೇಕಾದ ಕಡೆ ಬೇರೆ ಪದ ಗೊತ್ತಿದ್ದ ಲೇಖಕ ಇಲ್ಲಿ ಕತಾಲುಮ ಎಂದಿದ್ದಾನೆಂದರೆ ಅವನ ಮನಸ್ಸಿನಲ್ಲಿದ್ದದ್ದು ಮನೆಗೆ ಬಂದ ನೆಂಟರಿಗೆ ಬಿಟ್ಟುಕೊಡುವ ಕೋಣೆ ಇರಬೇಕು. ಈಜಿಪ್ಟ್, ಲೆಬನಾನ್, ಜೆರುಸಲೇಮ್‌ಗಳಲ್ಲಿ ನಾಲ್ಕು ದಶಕ ಪಾಠ ಹೇಳಿದ ಅಮೆರಿಕದ ವಿದ್ವಾಂಸ ಕೆನೆತ್ ಬೇಲಿ ಈ ವಾದವನ್ನು ವಿಸ್ತಾರವಾಗಿ ಮಂಡಿಸಿದರು. ಪಾಲೆಸ್ಟೀನಿನ ರೈತರ ಮನೆ ಹೇಗಿರುತ್ತಿತ್ತು ಎಂದು ಅವರು ವಿವರಿಸುವುದನ್ನು ಓದಿದ ತಿಕೋಟಾದವರಿಗೆ ನಗು ಬಂದೀತು: ಬಾಗಿಲ ಬಳಿ ತಗ್ಗಿನ ನೆಲ, ರಾತ್ರಿ ದನ ಅಲ್ಲೇ, ಕೆಲವು ಮೆಟ್ಟಿಲು ಮೇಲೆ ಮನೆಮಂದಿಯ ಜಾಗ, ಎರಡರ ನಡುವಿನ ಅಂಚಿಗೆ ಗೋದಲಿ. ಬಾಗಿಲು ತೆಗೆದು ಬೆಳಗಿನ ಹೊತ್ತು ದನ ಹೊರಗೆ ಬಿಡುವುದು, ನೆಲ ಬಳಿಯುವುದು. ಅತ್ತ ಪಂಡಿತರು ಪುಟಗಟ್ಟಲೆ ಬರೆದು ಮನವರಿಕೆ ಮಾಡಿಕೊಡಬೇಕಾದದ್ದು ಇತ್ತ ಮುದುಕಿಯೊಬ್ಬಳಿಗೆ ದಿನನಿತ್ಯದ ಮಾತು. ‘ಥಂಡಿ ಭಾಳ ಐತಿ, ದನಾ ಒಳಗ ಕಟ್ಟು’ ಎಂದು ಅವಳು ಮಗನಿಗೆ ಹೇಳುತ್ತ ಬಂದವಳೇ.

ಎಲ್ಲ ಪಂಡಿತರೂ ಬೇಲಿಯವರ ಮಾತನ್ನು ಒಪ್ಪಿಲ್ಲ. ಕೂಸು ಹುಟ್ಟಿದ್ದು ಗುಹೆಯಲ್ಲಿ ಎಂಬ ನಂಬಿಕೆ ಎರಡನೇ ಶತಮಾನದಷ್ಟು ಹಳೆಯದು. ಬೇತ್ಲೆಹೇಮಿನ ದೊಡ್ಡ ಚರ್ಚು ನಿಂತಿರುವುದೂ ಒಂದು ಗುಹೆಯ ಮೇಲೆ. ಆದರೆ ಆ ಸೀಮೆಯಲ್ಲಿ ಗುಹೆಗೆ ಹೊಂದಿಸಿಯೇ ಮನೆ ಕಟ್ಟುತ್ತಿದ್ದರು, ದನ ಗುಹೆಯ ಭಾಗದಲ್ಲಿರುತ್ತಿದ್ದವು. ಹಾಗಾಗಿ ಎರಡು ಮಾತಿಗೂ ದೊಡ್ಡ ಜಗಳವಿಲ್ಲ. ಜ್ಞಾನಿಗಳು ಬಂದು ಹೊಕ್ಕದ್ದು ‘ಮನೆ’ಯನ್ನೇ ಎಂದು ಮತ್ತಾಯ ಬರೆದಿದ್ದಾನೆ. ಅಲ್ಲದೆ ಕೆಲಸ ಮಾಡಬಾರದ ಸಬ್ಬತ್ ದಿನ ರೋಗಿಯನ್ನು ಗುಣಪಡಿಸಿದ್ದಕ್ಕೆ ಸಿಟ್ಟಾದವರಿಗೆ ಯೇಸು ಕೇಳಿದ ಪ್ರಶ್ನೆಯೂ ಇದನ್ನೇ ಹೇಳುತ್ತದೆ: ಸಬ್ಬತ್ ದಿನ ನೀವೆಲ್ಲ ನಿಮ್ಮ ಎತ್ತು ಕತ್ತೆಗಳನ್ನು ಗೋದಲಿಯಿಂದ ಬಿಚ್ಚಿ ನೀರಿಗೆ ಹೊಡೆದುಕೊಂಡು ಹೋಗುವುದಿಲ್ಲವೇ? ಮನೆಮನೆಯಲ್ಲೂ ಗೋದಲಿ ಇದ್ದ ಊರಿನವರನ್ನು ಮಾತ್ರ ಹೀಗೆ ಕೇಳಬಹುದು.

ಇಷ್ಟು ಹೊಂದಿಸಿಕೊಂಡ ಮೇಲೆ ಕಥೆಯ ಬಣ್ಣವೇ ಬೇರೆಯಾಗುತ್ತದೆ. ಯಾರೂ ಬಾಗಿಲು ಹಾಕಿಕೊಳ್ಳಲಿಲ್ಲ. ಗಣತಿಗೆಂದು ನೆಂಟರೆಲ್ಲ ಬಂದು ಮನೆ ಗಿಜಿಗುಟ್ಟುತ್ತಿತ್ತು. ನೆಂಟರ ಕೋಣೆ ತುಂಬಿತ್ತು. ಇದ್ದವರು ಸರಿದು ಕೂತರು. ವಿಜಯಪುರದಿಂದ ತಿಕೋಟಾಕ್ಕೆ, ಬಬಲೇಶ್ವರಕ್ಕೆ ಹೋಗುವ ಕೆಂಪು ಬಸ್ಸಿನಲ್ಲಿ ಮೂರು ಜನರ ಸೀಟಿಗೆ ನಾಲ್ಕನೆಯವನು ‘ಸ್ವಲ್ಪ ಸರೀರಿ’ ಎನ್ನುತ್ತಾನಲ್ಲ, ಅದೇ. ಈ ಭಾಗದ ಕ್ರೈಸ್ತರಿಗೆ ಕ್ರಿಸ್ತ ಜಯಂತಿಯ ಉಪದೇಶವನ್ನು ಎರಡು ಪದದಲ್ಲಿ ಹೇಳಬೇಕೆಂದರೆ ‘ಸ್ವಲ್ಪ ಸರೀರಿ’ ಸಾಕು. ದಿನನಿತ್ಯದ ನಂಬಿಕೆಗೆ ಕೇಳುವುದು ಅರಮನೆಯಲ್ಲ, ಮಹಾತ್ಯಾಗವೂ ಅಲ್ಲ. ತುಂಬಿದ ಮನೆಯಲ್ಲಿ ಒಂದು ಮೊಳ ಜಾಗ.

ಕನ್ನಡತಿಯರ ಕಣ್ಣಿಗೆ ಬೀಳುವ ಇನ್ನೊಂದು ಸಂಗತಿ ಪಂಡಿತರ ಪುಸ್ತಕಗಳಲ್ಲಿ ಅಷ್ಟಾಗಿ ಕಾಣುವುದಿಲ್ಲ. ಚೊಚ್ಚಲ ಹೆರಿಗೆ ನಮ್ಮಲ್ಲಿ ತವರುಮನೆಯದು. ಮರಿಯಳ ತವರು ನಜರೇತು. ದಿನ ತುಂಬಿದ ಹುಡುಗಿ ತವರು ಬಿಟ್ಟು, ವಿಜಯಪುರದಿಂದ ಕಲಬುರಗಿಗೆ ನಡೆದಷ್ಟು ದೂರ ಹಾದಿ ಸವೆಸಿ, ಗಂಡನ ಕಡೆಯವರ ಊರಿಗೆ ಬಂದಿದ್ದಾಳೆ. ತಾಯಿ ಹತ್ತಿರವಿಲ್ಲ. ಸೂಲಗಿತ್ತಿ ಯಾರೆಂದು ಲೂಕ ಹೇಳುವುದಿಲ್ಲ. ಎರಡನೇ ಶತಮಾನದಲ್ಲಿ ಯಾಕೋಬನ ಹೆಸರಿನಲ್ಲಿ ಹುಟ್ಟಿಕೊಂಡ ಒಂದು ಕಥನ ಮಾತ್ರ ಸೂಲಗಿತ್ತಿಯನ್ನು ಕರೆತರುತ್ತದೆ. ಆದರೆ ಹೆಂಗಸರಿರುವ ಮನೆಯಲ್ಲಿ ಹೆರಿಗೆ ನೋವು ಶುರುವಾದರೆ ಏನಾಗುತ್ತದೆಂದು ಯಾರಿಗೂ ಹೇಳಿಕೊಡಬೇಕಿಲ್ಲ. ಗಂಡಸರನ್ನು ಹೊರಗೆ ಕಳಿಸುತ್ತಾರೆ, ನೀರು ಕಾಸುತ್ತಾರೆ, ಹಳೆಯ ಮೆತ್ತನೆಯ ಸೀರೆ ಹುಡುಕುತ್ತಾರೆ. ಕೂಸನ್ನು ಬಿಗಿಯಾಗಿ ಸುತ್ತಿ ಬೆಚ್ಚಗಿನ ಮೂಲೆಯಲ್ಲಿ ಮಲಗಿಸುತ್ತಾರೆ. ದನದ ಉಸಿರು ತಾಗುವ, ಒಣ ಹುಲ್ಲು ಹಾಸಿದ ಗ್ವಾದಲಿಗಿಂತ ಬೆಚ್ಚಗಿನ ಮೂಲೆ ಅಂಥ ಮನೆಯಲ್ಲಿ ಮತ್ತೊಂದಿಲ್ಲ.

ಗೋದಲಿಯ ದೃಶ್ಯ ಕಟ್ಟುವ ಪದ್ಧತಿಗೆ ಈಗ 800 ವರ್ಷ ದಾಟಿದೆ. ಇಟಲಿಯ ಗ್ರೆಚ್ಚೊ ಎಂಬ ಹಳ್ಳಿಯಲ್ಲಿ 1223ರ ಕ್ರಿಸ್‌ಮಸ್ ರಾತ್ರಿ ಅಸ್ಸಿಸಿಯ ಫ್ರಾನ್ಸಿಸ್ ನಿಜವಾದ ಎತ್ತು, ಕತ್ತೆ, ಹುಲ್ಲು ತರಿಸಿ ಜನರನ್ನು ಸುತ್ತ ನಿಲ್ಲಿಸಿದರು. ಬಡತನವನ್ನೇ ಬದುಕಾಗಿಸಿಕೊಂಡವರು ಅವರು. ಕೂಸು ಮಲಗಿದ ಜಾಗ ಎಷ್ಟು ಸಾದಾ ಎಂದು ಕಣ್ಣಾರೆ ತೋರಿಸುವುದು ಅವರ ಆಸೆಯಾಗಿತ್ತು. ಆಮೇಲೆ ಯುರೋಪಿನ ಗೋದಲಿಗಳಿಗೆ ಹಿಮ ಬಿತ್ತು, ಪೈನ್ ಮರ ಬಂತು, ಮಿನುಗುವ ಕಾಗದ ಬಂತು. ಈಗ ವಿಜಯಪುರದ ಅಂಗಡಿಗಳಲ್ಲಿ ಹತ್ತಿಯ ಹಿಮ ಪ್ಯಾಕೆಟ್ಟಿನಲ್ಲಿ ಸಿಗುತ್ತದೆ. ಹತ್ತಿ ಬೆಳೆದ ಊರಿನಲ್ಲಿ ಹತ್ತಿಯನ್ನು ಹಿಮವೆಂದು ಕೊಂಡು ತರುವುದು ತಮಾಷೆಯೇ ಸರಿ. ಜೋಳದ ಕಣಿಕೆಯಿಂದ ಕಟ್ಟಿದ ಗೋದಲಿಯೇ ಬೇತ್ಲೆಹೇಮಿಗೆ ಹೆಚ್ಚು ಹತ್ತಿರ.

ಬೇತ್ಲೆಹೇಮ್ ಎಂದರೆ ಹೀಬ್ರೂ ಭಾಷೆಯಲ್ಲಿ ರೊಟ್ಟಿಯ ಮನೆ. ಬಿಳಿಜೋಳದ ನಾಡಿನವರು ಇದನ್ನು ಕೇಳಿ ಸುಮ್ಮನೆ ತಲೆಯಾಡಿಸಿ ಮುಂದೆ ಹೋಗಲಾರರು. ರೊಟ್ಟಿಯ ಊರಿನಲ್ಲಿ, ಮೇವು ಇಡುವ ತೊಟ್ಟಿಯಲ್ಲಿ ಕೂಸು. ದೊಡ್ಡವನಾದ ಮೇಲೆ ತನ್ನನ್ನೇ ರೊಟ್ಟಿ ಎಂದು ಕರೆದುಕೊಂಡವನು. ಭಾನುವಾರದ ಬಲಿಪೂಜೆಯಲ್ಲಿ, ಪ್ರಭುಭೋಜನದಲ್ಲಿ ರೊಟ್ಟಿ ಮುರಿಯುವ ಕ್ರೈಸ್ತರು ಗೋದಲಿಗೂ ಆ ಮೇಜಿಗೂ ನಂಟು ಕಂಡದ್ದು ಬಹಳ ಹಿಂದೆಯೇ.

ಇಲ್ಲಿ ಈ ಕಥೆ ನಿನ್ನೆ ಮೊನ್ನೆ ಬಂದದ್ದಲ್ಲ. 1561ರಲ್ಲಿ ಮೊದಲನೆಯ ಅಲಿ ಆದಿಲ್ ಶಾಹ ಕೇಳಿಕೊಂಡ ಮೇರೆಗೆ ಗೋವೆಯ ಆರ್ಚ್‌ಬಿಷಪ್ ಇಬ್ಬರು ಪಾದ್ರಿಗಳನ್ನು ಬಿಜಾಪುರದ (ಈಗಿನ ವಿಜಯಪುರ) ದರಬಾರಿಗೆ ಕಳಿಸಿದರು: ಜೆಸ್ವಿಟ್ ಪಂಥದ ಗೊನ್ಸಾಲೊ ರೊಡ್ರಿಗಸ್, ಡೊಮಿನಿಕನ್ ಪಂಥದ ಆಂತೋನಿಯೊ ಪೆಗಾಡೊ. ಗೋಳಗುಮ್ಮಟ ಏಳುವುದಕ್ಕೆ ಇನ್ನೂ ಬಹಳ ಕಾಲವಿತ್ತು. ಎಲ್ಲ ಧರ್ಮಗಳ ಮಾತು ಕೇಳುವ ಹಂಬಲ ಆ ಸುಲ್ತಾನನಿಗಿತ್ತು. ದರಬಾರಿನವರಿಗೆ ಮರಿಯಮ್ಮನಾಗಲಿ ಕೂಸಾಗಲಿ ಹೊಸಬರೇನಲ್ಲ. ಕುರ್‌ಆನಿನ 19ನೇ ಅಧ್ಯಾಯದ ಹೆಸರೇ ಮರ್ಯಮ್. ಅಲ್ಲಿ ಈಸಾ ಹುಟ್ಟುವುದು ಖರ್ಜೂರದ ಮರದ ಬುಡದಲ್ಲಿ. ಆದಿಲ್‌ಶಾಹಿ ಸೀಮೆಗೆ ಸೇರಿದ್ದ ಮುದಗಲ್ಲಿನಲ್ಲಿ ಕಥೋಲಿಕ ಸಮುದಾಯ 16ನೇ ಶತಮಾನದಿಂದ ಇದೆ. ಅಲ್ಲಿನ ಚರ್ಚಿಗೆ ಆದಿಲ್‌ಶಾಹಿ ಅರಸರು ಇನಾಮು ಕೊಟ್ಟಿದ್ದರು. ಮೊಹರಮ್ಮಿಗೆ ಹೆಸರಾದ ಮುದಗಲ್ ಗೋದಲಿಯನ್ನೂ ಅಷ್ಟು ಕಾಲದಿಂದ ಬಲ್ಲದು.

ಕನ್ನಡದಲ್ಲಿ ಈ ಕಥೆಯನ್ನು ಓದುವುದು ಸಾಧ್ಯವಾದದ್ದು 19ನೇ ಶತಮಾನದಲ್ಲಿ. ಬಳ್ಳಾರಿಯಲ್ಲಿದ್ದ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಮುಂದಾಳುತನದಲ್ಲಿ ಪೂರ್ತಿ ಬೈಬಲ್ 1831ರ ಹೊತ್ತಿಗೆ ಕನ್ನಡದಲ್ಲಿ ಅಚ್ಚಾಯಿತು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ ಧಾರವಾಡ, ಹುಬ್ಬಳ್ಳಿ, ಬೆಟಗೇರಿ ದಾಟಿ 1851ರಲ್ಲಿ ಗುಳೇದಗುಡ್ಡ ಮುಟ್ಟಿತು. ಮುಂದೆ ವಿಜಯಪುರಕ್ಕೂ ಬಂತು. ನಿಘಂಟಿನ ಕಿಟ್ಟೆಲ್ ಎಲ್ಲರಿಗೂ ಗೊತ್ತು. ಆ ನಿಘಂಟು ಹೊರಬಂದದ್ದು 1894ರಲ್ಲಿ. ಅದಕ್ಕೆ 32 ವರ್ಷ ಮೊದಲೇ, 1862ರಲ್ಲಿ, ಅವರು ‘ಕಥಾಮಾಲೆ’ ಎಂಬ ಹೆಸರಿನಲ್ಲಿ ಕ್ರಿಸ್ತನ ಬದುಕನ್ನು ನಮ್ಮ ಛಂದಸ್ಸಿನಲ್ಲಿ ಪದ್ಯವಾಗಿಸಿದ್ದರೆಂಬುದು ಅಷ್ಟಾಗಿ ಪ್ರಚಾರಕ್ಕೆ ಬರಲಿಲ್ಲ. ಪದ್ಯ ಕಟ್ಟುವವರಿಗೆ ಊರಿನವರ ಬಾಯಿಮಾತು ಬೇಕು. ಗೋದಲಿಯಂಥ ಪದ ದನದ ಮನೆಯಿಂದ ಎದ್ದು ದೇವರ ಮನೆಗೆ ಹೋದದ್ದು ಇಂಥವರ ಕೈಯಲ್ಲೇ ಇರಬೇಕು. ಗೋವಿಂದ ಪೈಯವರ ‘ಗೊಲ್ಗೊಥಾ’ ಕ್ರಿಸ್ತನ ಸಾವಿನ ಕಾವ್ಯ. ಹುಟ್ಟಿನ ಕಥೆಗೆ ಅಷ್ಟು ಎತ್ತರದ ಕನ್ನಡ ಕಾವ್ಯ ದಕ್ಕಿದಂತಿಲ್ಲ. ಅದು ಕ್ಯಾರಲ್ ಹಾಡುವವರ ಬಾಯಲ್ಲೇ ಉಳಿಯಿತು.

ಜಿಲ್ಲೆಯ ಜನಸಂಖ್ಯೆಯಲ್ಲಿ ಕ್ರೈಸ್ತರು ಶೇ 1ಕ್ಕಿಂತ ಕಡಿಮೆ. ಹೀಗಾಗಿ ಇಲ್ಲಿನ ಕ್ರಿಸ್‌ಮಸ್ ಮಂಗಳೂರಿನ ಕ್ರಿಸ್‌ಮಸ್ಸಿನಂತೆ ಊರನ್ನೇ ಬೆಳಗುವುದಿಲ್ಲ. ಕ್ಯಾರಲ್ ತಂಡ ಹೋಗುವ ಮನೆ ನಡುನಡುವೆ ಒಂದೊಂದು. ಒಂದು ಮನೆಯ ಮುಂದೆ ನಕ್ಷತ್ರ, ಆಚೀಚೆ ಮನೆಗಳ ಮುಂದೆ ರಂಗೋಲಿ, ಇನ್ನೊಂದು ಬಾಗಿಲ ಮೇಲೆ ಅರಬ್ಬಿ ಅಕ್ಷರ. ಚಕ್ಕುಲಿ, ಕರ್ಜಿಕಾಯಿ ತುಂಬಿದ ತಾಟು ಮೂರೂ ಕಡೆ ಹೋಗುತ್ತದೆ. ಖಾಲಿ ತಾಟು ವಾಪಸು ಕೊಡಬಾರದೆಂದು ಸಕ್ಕರೆಯನ್ನಾದರೂ ಹಾಕಿ ಕೊಡುವ ಪದ್ಧತಿ ಮೂವರಿಗೂ ಒಂದೇ.

ಹಬ್ಬದ ಕೇಕಿಗೆ ಬೀಳುವ ಒಣದ್ರಾಕ್ಷಿಯೂ ಈ ನೆಲದ್ದೇ. ತಿಕೋಟಾ, ಬಬಲೇಶ್ವರ ಭಾಗದ ದ್ರಾಕ್ಷಿ ತೋಟಗಳಲ್ಲಿ ಡಿಸೆಂಬರ್ ಬಿಡುವಿನ ತಿಂಗಳಲ್ಲ. ಅಕ್ಟೋಬರಿನಲ್ಲಿ ಸವರಿ ಚಾಟ್ನಿ ಮಾಡಿದ ಬಳ್ಳಿಯಲ್ಲಿ ಗೊನೆ ಕಟ್ಟಿ ಕಾಳು ಹಿಗ್ಗುತ್ತಿರುತ್ತದೆ. ಮಂಜು ಬಿದ್ದರೆ ರೋಗ, ಮೋಡ ಮುಚ್ಚಿದರೆ ಔಷಧಿಯ ಖರ್ಚು. ಕೊಯ್ದು ಶೆಡ್ಡಿನ ಬಲೆಗಳ ಮೇಲೆ ಹರವಿ ಮನುಕ ಮಾಡುವ ಹೊತ್ತಿಗೆ ಬೇಸಿಗೆ ಬಂದಿರುತ್ತದೆ. ಕೃಷ್ಣೆಯ ನೀರು ಏತ ನೀರಾವರಿಯಲ್ಲಿ ಈ ಕಡೆ ಬರುವ ಮೊದಲು ಬರಗಾಲದಲ್ಲಿ ಟ್ಯಾಂಕರಿನಿಂದ ಬಳ್ಳಿ ಉಳಿಸಿಕೊಂಡವರು ಇಲ್ಲಿದ್ದಾರೆ. ಕೂಸು ಉಳಿಸಿಕೊಂಡ ಹಾಗೆ ಎಂಬುದು ಅವರದೇ ಮಾತು.

ರಾತ್ರಿ ಕರೆಂಟು ಬಂದಾಗ ಮೋಟರು ಚಾಲೂ ಮಾಡಲು ಎದ್ದು ಹೋಗುವ ರೈತನಿಗೆ ಲೂಕನ ಕಥೆಯ ಎರಡನೆಯ ಭಾಗವಾದ ಕುರುಬರ ರಾತ್ರಿಯನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಡಿಸೆಂಬರಿನಲ್ಲಿ ರಾಜ್ಯದ ಅತಿ ಕಡಿಮೆ ಉಷ್ಣಾಂಶ ವಿಜಯಪುರದಲ್ಲಿ ಎಂಬ ಸುದ್ದಿ ಹಲವು ಸಲ ಬರುತ್ತದೆ. ಆ ಚಳಿಯಲ್ಲಿ, ರಾಶಿ ಮುಗಿದ ಹೊಲಗಳಲ್ಲಿ ಕುರುಬರ ಹಿಂಡು ಬೀಡುಬಿಟ್ಟಿರುತ್ತದೆ. ಗೊಬ್ಬರಕ್ಕಾಗಿ ಹೊಲದವರು ಕುರಿ ನಿಲ್ಲಿಸಿಕೊಳ್ಳುತ್ತಾರೆ. ಕಾಳೋ ದುಡ್ಡೋ ಕೊಡುತ್ತಾರೆ. ಸುತ್ತ ಬಲೆ ಕಟ್ಟಿದ ದಡ್ಡಿ, ಕಂಬಳಿ ಹೊದ್ದು ಸರದಿಯಲ್ಲಿ ಎಚ್ಚರವಿರುವ ಇಬ್ಬರು, ತೋಳದ ಸುಳಿವಿಗೆ ಕಿವಿ ನಿಮಿರಿಸಿದ ನಾಯಿ, ಆಗ ತಾನೇ ಈದ ಕುರಿಯ ಮರಿಯನ್ನು ಎದೆಗವುಚಿಕೊಂಡ ಹುಡುಗ. ಕ್ರಿಸ್ತನ ಹುಟ್ಟಿನ ಸುದ್ದಿ ಮೊದಲು ತಲುಪಿದ್ದು ಇಂಥವರಿಗೆ ಎಂದು ಲೂಕ ಹೇಳುತ್ತಾನೆ. ಅರಮನೆಗೆ ಸುದ್ದಿ ಹೋದದ್ದು ಜ್ಞಾನಿಗಳ ಬಾಯಿಂದ, ಅದೂ ಕೊಲೆಗೆ ದಾರಿಯಾಯಿತು. ರಾತ್ರಿಪಾಳಿಯವರಿಗೆ ಮೊದಲು ಗೊತ್ತಾದ ಹಬ್ಬ ಇದು. ಆಸ್ಪತ್ರೆಯ ದಾದಿಯರು, ಕಾವಲುಗಾರರು, ನಸುಕಿನಲ್ಲಿ ರಸ್ತೆ ಗುಡಿಸುವ ಪೌರಕಾರ್ಮಿಕರು ಕ್ರಿಸ್‌ಮಸ್ ರಾತ್ರಿಯ ಪೂಜೆ ತಪ್ಪಿತೆಂದು ನೊಂದುಕೊಳ್ಳಬೇಕಾದ್ದೇನಿಲ್ಲ. ಕುರುಬರಿಗೂ ಅದು ಕೆಲಸದ ರಾತ್ರಿಯೇ ಆಗಿತ್ತು. ಕೂಸನ್ನು ನೋಡಿ ಬಂದ ಮೇಲೆ ಅವರು ಸನ್ಯಾಸಿಗಳಾಗಲಿಲ್ಲ; ದೇವರನ್ನು ಕೊಂಡಾಡುತ್ತ ತಿರುಗಿ ಕುರಿಯ ಕಡೆಗೇ ಹೋದರು.

ಹಬ್ಬದ ಗದ್ದಲದಲ್ಲಿ ಮುಚ್ಚಿಹೋಗುವ ಕೊನೆಯ ತುಂಡೊಂದಿದೆ. ಹೆರೋದ ಅರಸ ಕೂಸುಗಳನ್ನು ಕೊಲ್ಲಿಸುವನೆಂದು ತಿಳಿದು ಯೋಸೇಫ ರಾತ್ರೋರಾತ್ರಿ ಎದ್ದು ತಾಯಿ ಮಗುವನ್ನು ಕರೆದುಕೊಂಡು ಈಜಿಪ್ಟಿಗೆ ಹೋದ ಎಂದು ಮತ್ತಾಯ ಬರೆಯುತ್ತಾನೆ. ಉತ್ತರ ಕರ್ನಾಟಕದವರಿಗೆ ಗಂಟುಮೂಟೆ ಕಟ್ಟಿ ಊರು ಬಿಡುವುದಕ್ಕೆ ಒಂದು ಪದವಿದೆ: ಗುಳೆ. ಕೊಲೆಗಡುಕನ ಭಯಕ್ಕೂ ಬರಗಾಲದ ಭಯಕ್ಕೂ ವ್ಯತ್ಯಾಸವಿದೆ, ನಿಜ. ಆದರೆ ಹೊತ್ತ ಗಂಟು, ಕಂಕುಳ ಕೂಸು, ಗೊತ್ತಿಲ್ಲದ ಭಾಷೆಯ ಊರು ಒಂದೇ. ದೀಪಾವಳಿ ಮುಗಿಯುತ್ತಲೇ ಜಿಲ್ಲೆಯ ತಾಂಡಾ ಮತ್ತು ಹಳ್ಳಿಗಳಿಂದ ಸಂಸಾರಗಳು ಕಬ್ಬು ಕಡಿಯಲು ಮಹಾರಾಷ್ಟ್ರಕ್ಕೆ, ಕೂಲಿಗೆ ಗೋವೆಗೆ, ಮಂಗಳೂರಿಗೆ ಹೊರಡುತ್ತವೆ. ಅವರಲ್ಲಿ ದಿನ ತುಂಬಿದ ಹೆಂಗಸರೂ ಇರುತ್ತಾರೆ. ಕಬ್ಬಿನ ಗದ್ದೆಯ ಬದುವಿನ ಮೇಲೆ ಸೀರೆಯ ಜೋಳಿಗೆ ಕಟ್ಟಿ ಕೂಸನ್ನು ಮಲಗಿಸಿ ತಾಯಿ ಕತ್ತಿ ಹಿಡಿಯುತ್ತಾಳೆ. ಕ್ರಿಸ್‌ಮಸ್ಸಿನ ದಿನವೂ ಕಾರ್ಖಾನೆಯ ಗಾಣ ನಿಲ್ಲುವುದಿಲ್ಲ. ಗೋದಲಿಯ ಮುಂದೆ ಮೇಣದಬತ್ತಿ ಹಚ್ಚುವವರು ಈ ಜೋಳಿಗೆಯನ್ನು ನೋಡದಿದ್ದರೆ ಹಚ್ಚಿದ್ದು ಅರ್ಧ ಬತ್ತಿ ಎಂದೇ ಹೇಳಬೇಕು.

ಬಡತನದಲ್ಲಿ ದೊಡ್ಡತನ ಕಾಣುವ ಕಣ್ಣು ಈ ನೆಲಕ್ಕೆ ಹೊಸದಲ್ಲ. ತಿಕೋಟಾ ತಾಲ್ಲೂಕಿನ ಬಿಜ್ಜರಗಿಯ ರೈತ ಕುಟುಂಬದಲ್ಲಿ ಹುಟ್ಟಿದ ಸಿದ್ಧೇಶ್ವರ ಸ್ವಾಮೀಜಿ ಜೇಬಿಲ್ಲದ ಅಂಗಿ ತೊಟ್ಟೇ ಬದುಕಿದರು, ಪದ್ಮಶ್ರೀ ಬೇಡವೆಂದರು. ಅವರು 2023ರ ಜನವರಿ 2ರಂದು ತೀರಿಕೊಂಡಾಗ ವಿಜಯಪುರದ ರಸ್ತೆಗಳಲ್ಲಿ ಸೇರಿದ ಜನಸಾಗರದಲ್ಲಿ ಯಾವ ಧರ್ಮದವರು ಎಷ್ಟು ಎಂದು ಯಾರೂ ಎಣಿಸಲಿಲ್ಲ. ಚಕ್ರವರ್ತಿಯ ಗಣತಿಯ ಕಾಲದಲ್ಲಿ ಗೋದಲಿಯಲ್ಲಿ ಮಲಗಿದವನನ್ನು ದೇವರೆಂದು ನಂಬುವುದು ಹೇಗೆ ಎಂದು ಯಾರಾದರೂ ಕೇಳಬಹುದು. ಆ ಪ್ರಶ್ನೆ ವಿಜಯಪುರದವರಿಗೆ ಅಷ್ಟು ಕಷ್ಟದ್ದಲ್ಲ.

ಈಗ ಊರುಗಳಲ್ಲಿ ಮಾಳಿಗೆ ಮನೆ ಕೆಡವಿ ಆರ್‌ಸಿಸಿ ಮನೆ ಏಳುತ್ತಿವೆ. ಎತ್ತಿನ ಜಾಗಕ್ಕೆ ಟ್ರ್ಯಾಕ್ಟರ್ ಬಂದಿದೆ. ದನವಿದ್ದರೂ ಹೊರಗೆ ತಗಡಿನ ಶೆಡ್ಡಿನಲ್ಲಿ. ಕೆಡವಿದ ಮನೆಯ ಗ್ವಾದಲಿಯ ಕಲ್ಲು ಹೊಸ ಮನೆಯ ಪಾಯಕ್ಕೆ ಬೀಳುತ್ತದೆ. ಇನ್ನು ಹತ್ತಿಪ್ಪತ್ತು ವರ್ಷದಲ್ಲಿ ಗೋದಲಿ ಎಂಬ ಪದ ಚರ್ಚಿನ ಅಂಗಳದಲ್ಲಿ ಮಾತ್ರ ಕೇಳಿಬಂದರೆ ಅಚ್ಚರಿಯಿಲ್ಲ.

ಗೋದಲಿಯನ್ನು ನೋಡಬೇಕೆನ್ನುವವರಿಗೆ ಒಂದು ಮಾತು. ಕಥೋಲಿಕ ಚರ್ಚಿಗೆ ಡಿಸೆಂಬರ್ 24ರ ಸಂಜೆ ಹೋದರೆ ಗೋದಲಿಯಲ್ಲಿ ಕುರುಬರು, ಕುರಿ, ಮರಿಯಮ್ಮ, ಯೋಸೇಫ ಎಲ್ಲ ಇರುತ್ತಾರೆ, ಹುಲ್ಲಿನ ನಡುವೆ ಕೂಸಿನ ಜಾಗ ಮಾತ್ರ ಖಾಲಿ. ಕೂಸನ್ನು ತಂದು ಮಲಗಿಸುವುದು ರಾತ್ರಿ ಪೂಜೆಯ ಹೊತ್ತಿಗೆ. ಹಗಲು ಹೋಗುವವರು ಜನವರಿ ಮೊದಲ ವಾರದವರೆಗೂ ಹೋಗಬಹುದು. ಗೋದಲಿಯನ್ನು ಅಲ್ಲಿಯವರೆಗೆ ಬಿಚ್ಚುವುದಿಲ್ಲ.